ಕೊಲ್ಕತ್ತಾದಲ್ಲಿ ಕಾಕಾ ಹಿಡಿದ ಸೆರಗು

ನಮ್ಮ ಕಾಕಾ ಕೊಲ್ಕತ್ತಾದಲ್ಲಿ ಯಾರೋ ಹೆಂಗಸಿನ ಸೆರಗು ಹಿಡಿದು ಚಪ್ಪಲಿಯೇಟು ತಿಂದು ಬಂದರು ಎಂಬುದು ಬನಹಟ್ಟಿಯಲ್ಲಿ ಈಗ ಸಾಬೀತಾದ ಸತ್ಯ. ಚಹಾದಂಗಡಿಯಲ್ಲಿ ಹಾಗೆಯೇ ಹೇಳುತ್ತಾರೆ, ಪವರ್‌ಲೂಮಿನ ಶೆಡ್ಡುಗಳಲ್ಲಿ ಮಗ್ಗದ ಸದ್ದನ್ನೂ ಮೀರಿಸಿ ಹಾಗೆಯೇ ಕೂಗಿ ಹೇಳುತ್ತಾರೆ. ಕಥೆ ರಬಕವಿ ತಲುಪುವಷ್ಟರಲ್ಲಿ ಅದರೊಳಗೆ ಇಬ್ಬರು ಪೊಲೀಸರು ಸೇರಿಕೊಂಡಿರುತ್ತಾರೆ. ಜಮಖಂಡಿಯಲ್ಲಿ ಲಾಕಪ್ಪು. ಮುಧೋಳದಲ್ಲಿ ನಾನೇ ಕಿವಿಯಾರೆ ಕೇಳಿದೆ, ಯಾರೋ ಮಂತ್ರಿ ಫೋನು ಮಾಡಿ ಬಿಡಿಸಿದರಂತೆ! ಬೀಳಗಿಯ ಕಡೆಗೆ ಇನ್ನೂ ಹೋಗಿಲ್ಲ. ಅಲ್ಲಿ ಕಾಕಾಗೆ ಏನಾಗಿದೆಯೋ ತಿಳಿಯುವ ಧೈರ್ಯ ನನಗಿಲ್ಲ.

ಈ ಕಥೆಯನ್ನು ನಾನು ವಿರೋಧಿಸುತ್ತೇನೆ. ವಿರೋಧಿಸುವುದು ನನ್ನ ಹುಟ್ಟುಗುಣ ಎಂದು ಅವ್ವ ಹೇಳುತ್ತಾಳೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳಿಂದ ನಮ್ಮ ಮನೆಯ ಕಪಾಟಿನ ಬಾಗಿಲು ಮುಚ್ಚುವುದಿಲ್ಲ, ಈಗ ಕಾನೂನು ಓದುತ್ತಿದ್ದೇನೆ. ಆದರೆ ಇಲ್ಲಿ ನನ್ನ ಹಕ್ಕು ಬೇರೆ. ಘಟನೆ ನಡೆದಾಗ ಊರಿನವರ ಪೈಕಿ ಕಾಕಾನಿಂದ ಹತ್ತು ಹೆಜ್ಜೆ ದೂರದಲ್ಲಿದ್ದವಳು ನಾನೊಬ್ಬಳೇ. ಸೆರಗು ಹಿಡಿದದ್ದು ನಿಜ. ಏಟು ಬಿದ್ದದ್ದೂ ನಿಜ. ಆದರೆ ಅದು ಚಪ್ಪಲಿಯಲ್ಲ, ಕೊಡೆ! ಸಾಕ್ಷ್ಯವನ್ನು ತಿರುಚಬಾರದು.

ಕಾಕಾ, ಅಂದರೆ ನನ್ನ ಅಪ್ಪನ ತಮ್ಮ, ನೇಕಾರರು. ಬಟ್ಟೆ ಕಂಡರೆ ಮುಟ್ಟದೆ ಇರಲಾರರು. ಇದೇನು ಮಹಾ, ಬನಹಟ್ಟಿಯಲ್ಲಿ ಎಲ್ಲರೂ ಮುಟ್ಟುತ್ತಾರೆ ಎನ್ನುತ್ತೀರಾ? ಒಪ್ಪಿದೆ. ಬೇರೆಯವರು ಅಂಗಡಿಯಲ್ಲಿ ಮುಟ್ಟುತ್ತಾರೆ. ಕಾಕಾ ಮೈಮೇಲಿದ್ದಾಗಲೇ ಮುಟ್ಟುತ್ತಾರೆ. ಹೆಬ್ಬೆರಳು ತೋರುಬೆರಳ ನಡುವೆ ಅಂಚನ್ನು ಹಿಡಿದು ಒಮ್ಮೆ ಉಜ್ಜುತ್ತಾರೆ, ತಿರುವಿ ಒಳಮೈ ನೋಡುತ್ತಾರೆ, ಜೇಬಿನಿಂದ ಎಳೆ ಎಣಿಸುವ ಮಡಚುಗಾಜು ತೆಗೆದು ಕಣ್ಣಿಗೆ ಹಿಡಿಯುತ್ತಾರೆ. ಆಮೇಲೂ ಸಂಶಯ ಉಳಿದರೆ ಒಂದೆಳೆ ಕಿತ್ತು ಕಡ್ಡಿ ಗೀರಿ ಸುಡುತ್ತಾರೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಕರಗಿ ಗುಂಡಿನಂತೆ ಗಟ್ಟಿಯಾದರೆ ಪಾಲಿಸ್ಟರ್. ನಮ್ಮ ಓಣಿಯ ಬಟ್ಟೆ ವ್ಯಾಪಾರಿಯೊಬ್ಬರ ತಂದೆ ತೀರಿಕೊಂಡಾಗ ಕಾಕಾ ಹಾರ ಹಾಕಿದರು, ಕೈಮುಗಿದರು, ಹಾಗೇ ಬಾಗಿ ಹೊದಿಸಿದ ಬಟ್ಟೆಯ ಮೂಲೆ ಉಜ್ಜಿದರು. ಅಳುತ್ತಿದ್ದವರೆಲ್ಲ ಅಳುವುದನ್ನು ನಿಲ್ಲಿಸಿದರು. ಕಾಕಾ ಆ ವ್ಯಾಪಾರಿಯ ಕಡೆಗೆ ತಿರುಗಿ ಮೆಲ್ಲಗೆ ಹೇಳಿದರು: “ಸತ್ತವ್ರಿಗರೆ ಹತ್ತಿ ಹಾಕಬೇಕಪಾ. ಅವರೇನು ವಾಪಸ್ ಕೊಡಾಕ ಬರೂದಿಲ್ಲ.”

ಇಂಥವರ ಜೊತೆ ನಾನು ವಿಮಾನ ಹತ್ತಿದೆ!

ಕಾರಣ ಕಾಕಾನ ಮಗಳು ಸವಿತಕ್ಕ. ಅವಳ ಗಂಡ ಚಿಮ್ಮಡದವನು, ಗಡಿ ಕಾಯುವ ಪಡೆಯಲ್ಲಿ ಅಗರ್ತಲಾದ ಹತ್ತಿರ ಕೆಲಸ. ಅಕ್ಕನಿಗೆ ಏಳು ತಿಂಗಳು. ದೂರದ ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಕುಬಸ, ಅಂದರೆ ಸೀಮಂತ, ಅಲ್ಲೇ ಆಗಬೇಕಾಯಿತು. ನಮ್ಮ ಕಡೆ ಕುಬಸಕ್ಕೆ ತವರಿನಿಂದ ಹಸಿರು ಬಳೆ, ಹಸಿರು ಸೀರೆ ಹೋಗಬೇಕು. ಬಳೆ ತಂದದ್ದಾಯಿತು, ಉಂಡಿ ಕಟ್ಟಿದ್ದಾಯಿತು. ಸೀರೆ? ಇಲ್ಲ! ಊರಿಗೆ ಊರೇ ಸೀರೆ ನೇಯುವ ಬನಹಟ್ಟಿಯಿಂದ, ನೇಕಾರರ ಮನೆಯಿಂದ, ಮಗಳ ಕುಬಸಕ್ಕೆ ಸೀರೆ ಇಲ್ಲದೆ ಹೊರಟವರನ್ನು ನೀವೆಲ್ಲಾದರೂ ಕಂಡಿದ್ದೀರಾ? ಅವ್ವ ಕೇಳಿದಳು, ಅಪ್ಪ ಗದರಿದರು. ಕಾಕಾ ಎಲ್ಲರಿಗೂ ಒಂದೇ ಮಾತು ಹೇಳಿದರು, “ನೋಡೂಣು.”

ಏನು ನೋಡುವುದು ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಯಾರೂ ಬಾಯಿ ಬಿಡುತ್ತಿರಲಿಲ್ಲ. ನಮ್ಮ ಕಾಕು, ಅಂದರೆ ಸವಿತಕ್ಕನ ಅವ್ವ, ತೀರಿಕೊಂಡು ಎರಡು ವರ್ಷವಾಗಿತ್ತು. ಆಕೆ ಕೈಮಗ್ಗದ ಮೇಲೆ ಅರ್ಧ ಆಯುಷ್ಯ ಕಳೆದವಳು. ವ್ಯಾಪಾರಿ ನೂಲು ಕೊಡುತ್ತಿದ್ದ, ಆಕೆ ಸೀರೆ ನೇಯ್ದು ಕೊಡುತ್ತಿದ್ದಳು. ನೂಲು ಅವನದು, ಸೀರೆಯೂ ಅವನದು. ಹೀಗಾಗಿ ಆಕೆ ನೇಯ್ದ ಒಂದೇ ಒಂದು ಸೀರೆಯೂ ಮನೆಯಲ್ಲಿ ಉಳಿಯಲಿಲ್ಲ. ತಾನು ಉಡುತ್ತಿದ್ದದ್ದು ಸಂತೆಯಲ್ಲಿ ತಂದ ಹೂವಿನ ಚಿತ್ರದ ಪಾಲಿಸ್ಟರ್. ಮಗಳು ಬಸುರಿ ಎಂಬ ಸುದ್ದಿ ಬಂದ ದಿನದಿಂದ ಕಾಕಾ ಕಾಕುವಿನ ಕೈಯ ಒಂದು ಸೀರೆಗಾಗಿ ಹುಡುಕತೊಡಗಿದರು. ಆಕೆಯ ಮಗ್ಗ ನಿಂತು ಹತ್ತು ವರ್ಷದ ಮೇಲಾಗಿತ್ತು. ಅಂಗಡಿಗಳಲ್ಲಿ ಸಿಗುವ ಮಾತೇ ಇರಲಿಲ್ಲ. ಇನ್ನೆಲ್ಲಿ ಹುಡುಕುವುದು? ಹೆಂಗಸರ ಮೈಮೇಲೆ!

ಹುಡುಕಾಟ ಹೇಗೆ ಸಾಗಿತ್ತು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಬನಹಟ್ಟಿಗೆ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸಿನ ಸೆರಗು ಹಿಂದೆ ಇಳಿಬಿದ್ದಿತ್ತು. ಕಾಕಾ ಗಾಜು ತೆಗೆದು, ಸೆರಗಿನ ತುದಿ ಎತ್ತಿ, ತಪಸ್ಸಿಗೆ ಕುಳಿತವರಂತೆ ನೋಡತೊಡಗಿದರು. ಆಕೆ ತಿರುಗಿದಳು. ನೋಡಿದರೆ ಚಿಮ್ಮಡದ ಬೀಗತಿ, ಸವಿತಕ್ಕನ ಸಾಕ್ಷಾತ್ ಅತ್ತೆ! “ಬೀಗರ, ಮಗಳನ್ನ ಕೊಟ್ಟ ಮ್ಯಾಲೆ ಸೀರಿ ಲೆಕ್ಕ ನೋಡ್ತಾರೇನ್ರಿ?” ಎಂದರಂತೆ ಆಕೆ. ಬೇರೆ ಯಾರಾದರೂ ಆಗಿದ್ದರೆ ಬಸ್ಸಿನ ಕಿಟಕಿಯಿಂದ ಹಾರುತ್ತಿದ್ದರು. ಕಾಕಾ ಗಾಜು ಮಡಚಿ, “ಇದು ಅಲ್ಲ ಬಿಡ್ರಿ,” ಎಂದು ಸಮಾಧಾನ ಹೇಳಿದರಂತೆ.

ಕಾಕಾ ತಮ್ಮ ಜೊತೆಗೆ ನನ್ನನ್ನೇ ಆರಿಸಿದಾಗ ನಾನು ಉಬ್ಬಿದೆ. ನನ್ನ ಹಿಂದಿ, ಇಂಗ್ಲಿಷು, ವಾದದ ಶಕ್ತಿ ಇವುಗಳಿಗೆ ಕೊನೆಗೂ ಮನ್ನಣೆ ಸಿಕ್ಕಿತು ಎಂದುಕೊಂಡೆ. ಬೆಂಗಳೂರಿನ ತನಕ ಬಸ್ಸು, ಅಲ್ಲಿಂದ ಕೊಲ್ಕತ್ತಾಕ್ಕೆ ಬೆಳಗಿನ ವಿಮಾನ. ಒಂಬತ್ತಕ್ಕೆ ಕೊಲ್ಕತ್ತಾ ಮುಟ್ಟಿದರೆ ಅಗರ್ತಲಾದ ವಿಮಾನ ಇರುವುದು ಸಂಜೆ ಐದೂವರೆಗೆ. ನಡುವೆ ಇಡೀ ಒಂದು ಹಗಲು, ಇಡೀ ಒಂದು ಮಹಾನಗರ! ನಾನು ಪಟ್ಟಿ ಮಾಡಿಕೊಂಡೆ: ಹೌರಾ ಸೇತುವೆ, ಟ್ರಾಮು, ವಿಕ್ಟೋರಿಯಾ ಸ್ಮಾರಕ. ಕಾಕಾ ಪಟ್ಟಿಯನ್ನು ನೋಡಿ ಸುಮ್ಮನೆ ತಲೆಯಾಡಿಸಿದರು. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು.

ಬೆಂಗಳೂರಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಾಕಾನ ಬೆಂಕಿಪೊಟ್ಟಣ ಹೋಯಿತು. ಬೀಡಿ ಸೇದುತ್ತೀರಾ ಎಂದು ಕೇಳಿದರು. ಇಲ್ಲ, ಸೀರೆ ಸುಡುತ್ತೇನೆ ಎಂದು ಕಾಕಾ ಪ್ರಾಮಾಣಿಕವಾಗಿ ಉತ್ತರಿಸಿದರು! ನಾನು ನಡುವೆ ಬಿದ್ದು ಅನುವಾದಿಸುವ ನೆಪದಲ್ಲಿ ಅಡ್ಡಡ್ಡ ಸುಳ್ಳು ಹೇಳದಿದ್ದರೆ ಈ ಪ್ರಬಂಧ ಅಲ್ಲಿಗೇ ಮುಗಿಯುತ್ತಿತ್ತು. ಮುಂದೆ ವಿಮಾನದುದ್ದಕ್ಕೂ ಕಾಕಾ ಮೂರನೆಯ ಕಣ್ಣು ಕಳೆದುಕೊಂಡ ಶಿವನಂತೆ ಮಂಕಾಗಿದ್ದರು. ಗಗನಸಖಿ ಬಂದು ಬೆಲ್ಟು ಹಾಕಿಕೊಳ್ಳಿ ಎಂದಾಗ ಮಾತ್ರ ಚೇತರಿಸಿಕೊಂಡು ಆ ಬೆಲ್ಟಿನ ನೇಯ್ಗೆಯನ್ನು ಬಾಯ್ತುಂಬ ಹೊಗಳಿದರು. ಜೀವಮಾನದಲ್ಲಿ ಮೊದಲ ಸಲ ಮೋಡದ ಮೇಲೆ ಹೋಗುತ್ತಿರುವ ಮನುಷ್ಯ ಕಿಟಕಿಯಾಚೆ ಒಮ್ಮೆಯೂ ನೋಡಲಿಲ್ಲ. ನೋಡಿ ಎಂದು ನಾನೇ ಒತ್ತಾಯಿಸಿದ್ದಕ್ಕೆ ಒಂದು ಗಳಿಗೆ ಬಾಗಿ, “ಹಿಂಜಿದ ಹತ್ತಿ,” ಎಂದರು. ಕಾರ್ಯಕ್ರಮ ಮುಗಿಯಿತು.

ಕೊಲ್ಕತ್ತಾದ ಹಳದಿ ಟ್ಯಾಕ್ಸಿಯಲ್ಲಿ ಕೂತ ಮೇಲೆ ನನ್ನ ನೇಮಕಾತಿಯ ನಿಜವಾದ ಕಾರಣ ತಿಳಿಯಿತು.

“ತಂಗಿ, ನಾ ಮುಟ್ಟಿದ್ರ ಮಂದಿ ತಪ್ಪ ತಿಳೀತಾರ. ನೀ ಹೆಣ್ಮಗಳು. ನೀ ಹಿಡದ ನೋಡಿದ್ರ ಯಾರೇನ ಅಂತಾರ?”

“ಏನ್ ಹಿಡೀಬೇಕ್ರಿ ಕಾಕಾ?”

“ಸೆರಗ.”

ನಾನು ಹೌಹಾರಿದೆ. ರಾಜ್ಯಮಟ್ಟದ ಚರ್ಚಾಪಟುವನ್ನು ಇವರು ಸೆರಗು ಹಿಡಿಯುವುದಕ್ಕೆ ತಂದಿದ್ದಾರೆ! ಕಾಕಾ ನಿರಾಳವಾಗಿ ಕೆಲಸ ವಿವರಿಸಿದರು. ಸೀರೆ ಮುಗಿದದ್ದಕ್ಕೆ, ಇಲ್ಲಿ ಕತ್ತರಿಸಬೇಕು ಎಂಬುದಕ್ಕೆ, ಒಬ್ಬೊಬ್ಬ ನೇಕಾರರು ಒಂದೊಂದು ಗುರುತು ಹಾಕುತ್ತಾರೆ. ಕಾಕು ಸೆರಗಿನ ತುದಿಯಲ್ಲಿ, ಕುಚ್ಚಿಗಿಂತ ಕೂದಲೆಳೆಯಷ್ಟು ಹಿಂದೆ, ಅರಿಶಿನ ಬಣ್ಣದ ಎರಡೆಳೆ ಹಾಕುತ್ತಿದ್ದಳು. ಬರಿಗಣ್ಣಿಗೆ ಕಾಣದು, ಗಾಜಿಗೆ ಕಾಣುತ್ತದೆ. ಒಂದಲ್ಲ, ಮೂರಲ್ಲ, ಎರಡು.

ನಾನು ವಾದಕ್ಕಿಳಿದೆ. ಬನಹಟ್ಟಿಯ ಸೀರೆ ಬಂಗಾಳದಲ್ಲಿ ಯಾಕೆ ಇರುತ್ತದೆ? ಇದ್ದರೂ ಕಾಕುವಿನದೇ ಯಾಕಾಗಬೇಕು? ಆದರೂ ಅದು ಹಸಿರೇ ಯಾಕಾಗಬೇಕು? ಇವತ್ತೇ, ಮಧ್ಯಾಹ್ನ ಮೂರರೊಳಗೇ, ನಮ್ಮೆದುರಿಗೇ ಯಾಕೆ ಬರಬೇಕು? ನಾಲ್ಕು ಪ್ರಶ್ನೆ, ನಾಲ್ಕೂ ಕತ್ತಿಯಂಥವು. ಯಾವ ನಿರ್ಣಾಯಕರಾದರೂ ಅಲ್ಲೇ ಗಂಟೆ ಬಾರಿಸಿ ಕಪ್ಪು ಕೊಟ್ಟುಬಿಡುತ್ತಿದ್ದರು. ಕಾಕಾ ಕೇಳಿದರು, “ಇಲ್ಲೂ ಹೆಣ್ಮಕ್ಕಳು ಸೀರಿ ಉಡ್ತಾರಲ್ಲ?” ಅಷ್ಟೇ. ಇಂಥ ಪ್ರತಿವಾದವನ್ನು ಖಂಡಿಸುವುದು ಹೇಗೆಂದು ಯಾವ ತರಬೇತಿಯಲ್ಲೂ ಕಲಿಸಿಲ್ಲ.

ಹೌರಾ ಸೇತುವೆಯ ಮೇಲೆ ನಿಂತು ನಾನು ನದಿಯನ್ನೂ ಕಬ್ಬಿಣದ ಆ ಪರ್ವತವನ್ನೂ ನೋಡಿ ಬಾಯಿ ತೆರೆದಿದ್ದೆ. ನಟ್ಟು ಬೋಲ್ಟಿಲ್ಲದೆ ಕಟ್ಟಿದ್ದಾರಂತೆ ಎಂದೆ. “ಗಂಟಿಲ್ಲದ ನೂಲಿದ್ದಂಗ,” ಎಂದು ಕಾಕಾ ಗೌರವದಿಂದ ಕಂಬವನ್ನೊಮ್ಮೆ ತಟ್ಟಿ, ಹಮಾಲರ ತಲೆಯ ಮೇಲಿನ ಕೆಂಪು ಚೌಕಳಿಯ ವಸ್ತ್ರಗಳತ್ತ ಹೊರಳಿದರು. ಟ್ರಾಮು ಹತ್ತಿದ್ದು ಊರು ನೋಡಲೆಂದು. ಆದರೆ ಟ್ರಾಮು ನಿಧಾನ ಹೋಗುವುದರಿಂದ ಬೀದಿಯ ಸೆರಗುಗಳು ಚೆನ್ನಾಗಿ ಕಾಣುತ್ತವೆ ಎಂಬುದು ಕಾಕಾನ ಅಭಿಪ್ರಾಯ. ನಾನು ನನ್ನ ಪಾಲಿನ ಕೆಲಸ ಮಾಡಿದೆ. ಟ್ರಾಮಿನಲ್ಲಿ ಒಬ್ಬ ಹೆಂಗಸು ನನ್ನನ್ನು ಜೇಬುಗಳ್ಳಿ ಎಂದು ತಿಳಿದು ಪರ್ಸನ್ನು ಎದೆಗವಚಿಕೊಂಡಳು. ಇನ್ನೊಬ್ಬಾಕೆ, ಕಾಲೇಜಿನ ಅಧ್ಯಾಪಕಿಯಂತಿದ್ದಳು, ನಾನು ಸೆರಗು ಹಿಡಿದದ್ದೇ ತಡ ಅದನ್ನು ಎಲ್ಲಿ ಕೊಂಡೆ, ಹೇಗೆ ಒಗೆಯುತ್ತೇನೆ ಎಂದು ಎರಡು ನಿಲ್ದಾಣದುದ್ದಕ್ಕೂ ವಿವರಿಸಿದಳು. ಇಬ್ಬರಲ್ಲಿ ಯಾರ ಮುಂದೆ ಹೆಚ್ಚು ನಾಚಿದೆನೋ ಹೇಳಲಾರೆ.

ಒಂದು ಸೀರೆಯಂಗಡಿಗೂ ಎಳೆದುಕೊಂಡು ಹೋದೆ. ಹಸಿರು ಸೀರೆಗಳ ಗುಡ್ಡವೇ ಬಿತ್ತು. ನೀರಿನಂತೆ ತೆಳ್ಳನೆಯ ಹತ್ತಿ, ಕೈಮಗ್ಗದ್ದು. ಕಾಕಾ ಒಂದೊಂದನ್ನೂ ಉಜ್ಜಿ, ನೇಯ್ದವನ ಕೈಯನ್ನು ಹೊಗಳಿ ಬದಿಗಿಟ್ಟರು. ನನಗೆ ಜೀವ ಬಂತು, ಒಂದು ಆರಿಸಿದರೆ ಮುಗಿಯಿತಲ್ಲ! ಕೊನೆಗೆ ಎದ್ದು ನಿಂತು ಬಂಗಾಳಿ ಅಂಗಡಿಯವನಿಗೆ ಶುದ್ಧ ಬನಹಟ್ಟಿ ಕನ್ನಡದಲ್ಲಿ ಹೇಳಿದರು: “ಎಲ್ಲಾ ಛಲೋ ಅದಾವ್ರಿ. ಒಂದೂ ನಮ್ದಲ್ಲ.” ಅಂಗಡಿಯವನು ತಿಳಿದವನಂತೆ ತಲೆದೂಗಿ ಎಲ್ಲವನ್ನೂ ಮಡಚಿದ. ಹೊರಗೆ ಬಂದು ನಾನು ಸಿಡಿದೆ. ಸೀರೆಯಿಲ್ಲದೆ ಹೋದರೆ, ಆರೈಕೆಗೆಂದು ಮೊದಲೇ ಅಲ್ಲಿಗೆ ಹೋಗಿರುವ ಬೀಗತಿಯ ಮುಂದೆ ಅಕ್ಕ ತಲೆ ಎತ್ತುವುದು ಹೇಗೆ, ಹುಚ್ಚಾಟಕ್ಕೂ ಒಂದು ಮಿತಿ ಬೇಡವೇ ಎಂದೆಲ್ಲ ಅಂದೆ. ಕಾಕಾ ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡರು. ಅವರಿಗೂ ಹೆದರಿಕೆಯಾಗುತ್ತಿದೆ ಎಂದು ಆಗ ಮೊದಲ ಸಲ ಅನ್ನಿಸಿತು.

ವಿಕ್ಟೋರಿಯಾ ಸ್ಮಾರಕದ ಎದುರು ರಾಣಿಯ ದೊಡ್ಡ ಕಂಚಿನ ಮೂರ್ತಿ ಕೂತಿದೆ. ಕಾಕಾ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನೆರಿಗೆ ಚೆನ್ನಾಗಿ ಬಂದಿದೆ ಎಂದು ರಾಣಿಯನ್ನು ಪಾಸು ಮಾಡಿದರು. ಆಗಲೇ ಒಂದೂವರೆ. ಮೂರಕ್ಕೆಲ್ಲ ನಿಲ್ದಾಣದ ಕಡೆ ಹೊರಡಬೇಕಿತ್ತು. ನಾನು ನೀರು ತರಲೆಂದು ಹೊರಟು ಹತ್ತು ಹೆಜ್ಜೆ ಹೋಗಿದ್ದೆನೋ ಇಲ್ಲವೋ, ಹಿಂದೆ ಗದ್ದಲ. ತಿರುಗಿ ಓಡಿದೆ.

ಮರದ ನೆರಳಿನಲ್ಲಿ ಯಾತ್ರೆಗೆ ಬಂದ ಹೆಂಗಸರ ಗುಂಪು ಬುತ್ತಿ ಬಿಚ್ಚಿ ಕೂತಿತ್ತು. ಅಂಚಿನಲ್ಲಿ ಕೂತ ಮುದುಕಿಯ ಸೆರಗು ಹುಲ್ಲಿನ ಮೇಲೆ ಹರಡಿತ್ತು. ಕಾಕಾ ಅದರ ತುದಿಯಲ್ಲಿ ಮೊಣಕಾಲೂರಿ, ಗಾಜು ಕಣ್ಣಿಗಿಟ್ಟುಕೊಂಡು, ಜಗತ್ತನ್ನೇ ಮರೆತಿದ್ದರು. ಮುದುಕಿ ಮಡಚಿದ ಕೊಡೆ ಎತ್ತಿ ಬೆನ್ನ ಮೇಲೆ ಒಂದು ಕೊಟ್ಟಳು. ಕಾಕಾ ಅಲುಗಲಿಲ್ಲ. ಇನ್ನೊಂದು ಕೊಟ್ಟಳು. ಅಲುಗಲಿಲ್ಲ! ಪೊಲೀಸರೆಂದು ನೀವು ಕೇಳಿರುವವರು ತೋಟದ ಕಾವಲುಗಾರ; ಒಬ್ಬನೇ, ಸೀಟಿ ಊದುತ್ತ ಬಂದ. ನಾನು ಹಿಂದಿಯಲ್ಲಿ ಕ್ಷಮೆ, ಇಂಗ್ಲಿಷಿನಲ್ಲಿ ಕಾನೂನು ಎರಡನ್ನೂ ಒಟ್ಟಿಗೆ ಸುರಿಯತೊಡಗಿದೆ.

ಆಗ ಮುದುಕಿ ಕಾಕಾನನ್ನು ಕೇಳಿದಳು: “ಏ ಹುಚ್ಚಪ್ಪಾ, ಸೆರಗಿನ್ಯಾಗ ಏನ್ ಬಿದ್ದೈತಿ?”

ಕನ್ನಡ! ಅವರು ಜತ್ತ ಸೀಮೆಯ ಹೆಂಗಸರು, ಮಹಾರಾಷ್ಟ್ರದವರಾದರೂ ಮನೆಮಾತು ನಮ್ಮದೇ. ಕಾಕಾ ತಲೆ ಎತ್ತಿ, ಸೀರೆ ಎಲ್ಲಿಯದೆಂದು ಕೇಳಿದರು. ಜತ್ತದ ಸಂತೆಯಲ್ಲಿ ಬನಹಟ್ಟಿಯ ವ್ಯಾಪಾರಿ ತರುತ್ತಿದ್ದ, ಮಗಳ ಮದುವೆಯ ಹೊತ್ತಿನಲ್ಲಿ ಕೊಂಡದ್ದು, ಪ್ರಯಾಣಕ್ಕೆ ಹಳೆಯದೇ ಮೆತ್ತಗಿರುತ್ತದೆಂದು ಉಟ್ಟಿದ್ದೇನೆ ಎಂದಳು. ಸೀರೆಯ ಬಣ್ಣ ಹಸಿರು. ಹಸಿರು ಎನ್ನುವುದಕ್ಕಿಂತ ಹಸಿರಿನ ನೆನಪು ಎನ್ನಬೇಕು.

ಕಾಕಾ ಗಾಜನ್ನು ನನ್ನ ಕೈಗಿಟ್ಟರು.

“ನೋಡ ತಂಗಿ. ಎರಡ ಅದಾವಲ್ಲ?”

ನಾನು ನೋಡಿದೆ. ಒಗೆದೊಗೆದು ಸವೆದ ತುದಿ, ಅರ್ಧ ಬಿಚ್ಚಿದ ಕುಚ್ಚು. ಅದರ ಹಿಂದೆ, ಹೌದು, ಅರಿಶಿನದ್ದೆನ್ನಬಹುದಾದ ಒಂದೆಳೆ. ಗಾಜನ್ನು ಆಚೀಚೆ ಸರಿಸಿದೆ. ಬೆಳಕಿಗೆ ಹಿಡಿದೆ. ಒಂದು. ಒಂದೇ.

ಏನು ಹೇಳಬೇಕಿತ್ತು? ಒಂದೆಳೆ ಯಾವ ನೇಕಾರರದ್ದೂ ಆಗಿರಬಹುದು. ಲಾಳಿ ಬದಲಿಸುವಾಗ ತಪ್ಪಿ ಬಂದದ್ದಿರಬಹುದು. ಕಾಕು ಎರಡು ಹಾಕುತ್ತಿದ್ದಳೆಂದು ಕಾಕಾನೇ ಹೇಳಿದ್ದರು, ಒಂದಲ್ಲ, ಮೂರಲ್ಲ ಎಂದು. ವಾದ ನನ್ನ ಕೈಯಲ್ಲಿತ್ತು, ಗೆಲುವೂ ನನ್ನ ಕೈಯಲ್ಲಿತ್ತು.

“ಅದಾವ್ರಿ ಕಾಕಾ,” ಎಂದೆ.

ನನ್ನ ಮಾತು ಕೇಳಿ ನಾನೇ ದಂಗಾದೆ.

ಕಾಕಾ ಹುಲ್ಲಿನ ಮೇಲೆ ಕೂತುಬಿಟ್ಟರು. ಯಾರೂ ಕೇಳದಿದ್ದರೂ ಮುದುಕಿಗೆ ಹೇಳತೊಡಗಿದರು. ಹೆಂಡತಿ ನೇಯ್ದದ್ದು, ಮನೆಯಲ್ಲಿ ಒಂದೂ ಉಳಿಯದೇ ಹೋದದ್ದು, ಮಗಳ ಕುಬಸ, ಸಂಜೆಯ ವಿಮಾನ. ಮನೆಯವರಾದ ನಮಗೇ ಗೊತ್ತಿಲ್ಲದ ಒಂದು ಸಂಗತಿಯನ್ನೂ ಆ ಅಪರಿಚಿತಳ ಮುಂದೆ ಹೇಳಿದರು.

“ಎರಡೆಳಿ ಯಾಕ ಹಾಕ್ತೀ ಅಂತ ಒಮ್ಮೆ ಕೇಳಿದ್ನಿರಿ. ಸೀರಿ ಮಂದೀ ಮನೀಗೆ ಹೋಗ್ತೈತಿ, ನಾವ ಎಲ್ಲೂ ಹೋಗೂದಿಲ್ಲ. ಒಂದ ನಂದು, ಒಂದ ನಿಂದು, ತಿರಗಾಡಿ ಬರ್ಲಿ ಅಂದ್ಲು.”

ಕಾವಲುಗಾರನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಸೀಟಿಯನ್ನು ಜೇಬಿಗಿಳಿಸಿ ಹೋದ.

ಮುದುಕಿ ಸೆರಗನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಕುಬಸಕ್ಕೆ ಯಾರಾದರೂ ಉಟ್ಟ ಸೀರೆ ಒಯ್ಯುತ್ತಾರೇನು ಎಂದು ಬೈದಳು. ಬೈಯುತ್ತಲೇ ಗಂಟಿನಿಂದ ಬೇರೆ ಸೀರೆ ತೆಗೆದುಕೊಂಡು, ಜೊತೆಯವಳನ್ನು ಎಬ್ಬಿಸಿಕೊಂಡು ಶೌಚಾಲಯದ ಕಡೆ ಹೋದಳು. ಮರಳಿದಾಗ ಹಸಿರು ಸೀರೆ ನಾಲ್ಕು ಮಡಿಕೆಯಾಗಿ ಕೈಯಲ್ಲಿತ್ತು, ಅದರ ಮೇಲೊಂದು ಚಿಟಿಕೆ ಕುಂಕುಮವಿತ್ತು. ಕಾಕಾ ತಾವೇ ನೇಯ್ದ ಹೆಗಲ ವಲ್ಲಿಯನ್ನು ತೆಗೆದು ಆಕೆಯ ಯಜಮಾನರಿಗೆಂದು ಕೊಟ್ಟರು. ಮುದುಕಿ ಅದರ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, “ಛಲೋ ಐತಿ,” ಎಂದಳು. ಆಮೇಲೆ ಕೊಡೆಯ ತುದಿಯಿಂದ ಕಾಕಾನ ಬೆನ್ನಿಗೆ ಮೂರನೆಯ ಏಟನ್ನು ಮೆಲ್ಲಗೆ ಮುಟ್ಟಿಸಿ, ವಿಮಾನ ತಪ್ಪುತ್ತದೆ, ಎದ್ದೇಳು ಎಂದಳು. ಊರಿನ ಕಥೆಯಲ್ಲಿ ಈ ಮೂರನೆಯ ಏಟು ಎಲ್ಲಿಯೂ ಇಲ್ಲ.

ಅಗರ್ತಲಾದಲ್ಲಿ ಮರುದಿನ ಕುಬಸ. ತಟ್ಟೆಯಲ್ಲಿ ಸವೆದ ಸೀರೆ ಕಂಡು ಚಿಮ್ಮಡದ ಬೀಗತಿಯ ಹುಬ್ಬು ತಲೆಗೂದಲು ಮುಟ್ಟಿತು. “ಬನಹಟ್ಟ್ಯಾಗ ನೂಲ ತೀರಿತೇನ್ರಿ ಬೀಗರ?” ಎಂದರು. ನಾನು ಪ್ರತಿವಾದಕ್ಕೆ ಎದ್ದು ನಿಂತೆ. ಅವಕಾಶವೇ ಸಿಗಲಿಲ್ಲ. ತನ್ನಪ್ಪ ಇಷ್ಟು ತಿಂಗಳು ಏನು ಹುಡುಕುತ್ತಿದ್ದರೆಂದು ಸವಿತಕ್ಕನಿಗೆ ಫೋನಿನಲ್ಲೇ ತಿಳಿದಿತ್ತೋ ಏನೋ, ಅವಳು ತಟ್ಟೆಯತ್ತ ಕೈಚಾಚಿದಳು. ಸೆರಗಿನ ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಥೇಟ್ ಕಾಕಾನ ಹಾಗೆ, ಒಮ್ಮೆ ಉಜ್ಜಿದಳು. ಗಾಜು ಬೇಡಲಿಲ್ಲ. “ಅತ್ತಿ, ನಾ ಇದನ್ನ ಉಡ್ತೀನ್ರಿ,” ಎಂದಳು. ಬೀಗತಿ ಅವಳ ಮುಖ ನೋಡಿದರು, ಕಾಕಾನ ಮುಖ ನೋಡಿದರು, ತಾವೇ ಎದ್ದು ನೆರಿಗೆ ಹಿಡಿದುಕೊಟ್ಟರು. ಆ ಹಳೆಯ ಸೆರಗಿನಲ್ಲೇ ಉಡಿ ತುಂಬಿದೆವು.

ಊರಿಗೆ ಬಂದ ಮೇಲೆ ಕಾಕಾ ಯಾರ ಸೆರಗನ್ನೂ ಮುಟ್ಟಿಲ್ಲ. ಏಟು ಬಿದ್ದು ಬುದ್ಧಿ ಬಂತು ಎನ್ನುತ್ತದೆ ಊರು. ನಾನು ಇದನ್ನೂ ವಿರೋಧಿಸುತ್ತೇನೆ. ಆದರೆ ನನ್ನ ಹತ್ತಿರ ಸಾಕ್ಷ್ಯ ಅರ್ಧವೇ ಇದೆ. ಹತ್ತಿಬಟ್ಟೆಯ ಎಳೆ ಎಣಿಸಿಯೇ ಮುದುಕರಾದ ಮನುಷ್ಯ, ಹೊದಿಸಿದ ಬಟ್ಟೆಯಲ್ಲೂ ಕಲಬೆರಕೆ ಹಿಡಿಯುವ ಕಣ್ಣು, ಒಂದನ್ನು ಎರಡು ಎಂದು ಎಣಿಸುತ್ತದೆಯೇ?

ಕಳೆದ ವಾರ ಅವರ ಮನೆಗೆ ಹೋದಾಗ ಮಡಚುಗಾಜು ಗೋಡೆಯ ಮೊಳೆಗೆ ತೂಗುತ್ತಿತ್ತು, ಕಾಕುವಿನ ಫೋಟೋದ ಪಕ್ಕ. ಕಾಕಾ ಚಹಾ ಸೋಸುತ್ತಿದ್ದರು. ಎರಡು ಲೋಟಗಳಿಗೆ ಸಮಸಮವಾಗಿ ಹಂಚಿ ಒಂದನ್ನು ನನ್ನ ಮುಂದೆ ಇಟ್ಟರು. ಎಲ್ಲ ಚರ್ಚೆಗಳಲ್ಲೂ ಪ್ರಶ್ನೆ ಕೇಳುವ ಮೊದಲು ಉತ್ತರ ಗೊತ್ತಿರಬೇಕು ಎಂಬುದು ನಾನು ಕಲಿತ ನಿಯಮ. ಅದನ್ನು ಮುರಿದು ಕೇಳಿದೆ:

“ಕಾಕಾ, ಆ ಎರಡನೇ ಎಳಿ ನಿಮಗ ಖರೇನ ಕಂಡಿತ್ತೇನ್ರಿ?”